ಹುಡುಗ ಇಂಗ್ಲೆಂಡಿನಲ್ಲಿ "ಲೋಕಮ್" ಡಾಕ್ಟರ್ ಅಂತೆ, ಖಾಯಂ ಕೆಲಸ ಇಲ್ಲ ಅಂದ್ರೆ ಏನರ್ಥ?

ತುಮಕೂರು ಅಣ್ಣ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಒಂದು ಸಂಬಂಧ ಬಂದಿದೆ. ಹುಡುಗ ಎಂಬಿಬಿಎಸ್ ಓದಿದ್ದು ಇಲ್ಲೇ, ಇಂಗ್ಲೆಂಡಿಗೆ ಹೋಗಿ ಒಂಬತ್ತು ವರ್ಷ ಆಗಿದೆ. ಮಾತು, ನಡತೆ ಎಲ್ಲ ಚೆನ್ನಾಗಿದೆ, ತಂಗಿಗೂ ಇಷ್ಟ ಆಗಿದೆ. ಆದರೆ ಕೆಲಸದ ಬಗ್ಗೆ ಕೇಳಿದಾಗ "ನಾನು ಈಗ ಲೋಕಮ್ ಜಿಪಿ, ಒಂದೇ ಕಡೆ ಖಾಯಂ ಇಲ್ಲ" ಅಂತ ಅವನೇ ಹೇಳಿದ. ಅಷ್ಟು ಕೇಳಿದ್ದೇ ತಡ, ಮನೆಯಲ್ಲಿ ಗೊಂದಲ ಶುರುವಾಯಿತು. ನಮ್ಮ ದೊಡ್ಡಪ್ಪ "ಎಲ್ಲೂ ನಿಲ್ಲದವರು, ಯಾರೂ ಇಟ್ಟುಕೊಳ್ಳದವರು ಮಾಡುವ ಕೆಲಸ ಅದು, ಒಂದು ರೀತಿ ದಿನಗೂಲಿ" ಅಂತಾರೆ. ಇನ್ನೊಬ್ಬರು "ಇಲ್ಲ, ಲೋಕಮ್‌ನಲ್ಲಿ ದುಡ್ಡೇ ದುಡ್ಡು" ಅಂತಾರೆ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ? ಗೊತ್ತಿರುವವರು ದಯವಿಟ್ಟು ಹೇಳಿ.

ಮಿಡ್‌ಲ್ಯಾಂಡ್ಸ್ ವೈದ್ಯೆ:

ಅಣ್ಣ, ನಾನೂ ಲೋಕಮ್ ಜಿಪಿ. ಜಿಪಿ ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್. ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ದೊಡ್ಡಪ್ಪನ ಮಾತನ್ನು ನಮ್ಮ ಅಪ್ಪನ ಬಾಯಲ್ಲೂ ಕೇಳಿದ್ದೇನೆ. ಧಾರವಾಡಕ್ಕೆ ಹೋದಾಗಲೆಲ್ಲ "ಯಾವಾಗ ಪರ್ಮನೆಂಟ್ ಆಗ್ತಿ?" ಅಂತ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಲೋಕಮ್ ಅನ್ನುವುದು "ಲೋಕಮ್ ಟೆನೆನ್ಸ್" ಅನ್ನುವ ಲ್ಯಾಟಿನ್ ಮಾತಿನ ಮೊದಲ ಅರ್ಧ. ಇನ್ನೊಬ್ಬರ ಜಾಗ ಹಿಡಿದು ಕೂತವರು ಅಂತ ಅರ್ಥ. ಒಬ್ಬ ಡಾಕ್ಟರ್ ಬಾಣಂತನದ ರಜೆಗೆ ಹೋಗಿರುತ್ತಾರೆ, ಇನ್ನೊಬ್ಬರಿಗೆ ಹುಷಾರಿಲ್ಲ, ಮತ್ತೊಂದು ಕಡೆ ರಿಟೈರ್ ಆದವರ ಜಾಗಕ್ಕೆ ಒಂದು ವರ್ಷದಿಂದ ಯಾರೂ ಸಿಕ್ಕಿಲ್ಲ. ರೋಗಿಗಳು ಮಾತ್ರ ಬರುತ್ತಲೇ ಇರುತ್ತಾರೆ. ಆ ಕುರ್ಚಿಯಲ್ಲಿ ಬಂದು ಕೂರುವವರೇ ನಾವು.

ಈಗ "ಯಾರೂ ಇಟ್ಟುಕೊಳ್ಳದವರು" ಅನ್ನುವ ಮಾತು. ಇಲ್ಲಿ ಜಿಪಿ ಆಗಬೇಕಾದರೆ ಮೂರು ವರ್ಷದ ತರಬೇತಿ ಮುಗಿಸಬೇಕು, ಎಂಆರ್‌ಸಿಜಿಪಿ ಪರೀಕ್ಷೆ ಪಾಸಾಗಬೇಕು, ಜಿಎಂಸಿ ಅಂದರೆ ಇಲ್ಲಿನ ವೈದ್ಯಕೀಯ ಮಂಡಳಿಯ ಜಿಪಿ ಪಟ್ಟಿಯಲ್ಲಿ ಹೆಸರು ಬರಬೇಕು. ಅದರ ಮೇಲೆ ಪರ್ಫಾರ್ಮರ್ಸ್ ಲಿಸ್ಟ್ ಅಂತ ಇನ್ನೊಂದಿದೆ. ಅದರಲ್ಲಿ ಹೆಸರಿಲ್ಲದವರು ಎನ್‌ಎಚ್‌ಎಸ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಜಿಪಿಯಾಗಿ ಒಬ್ಬ ರೋಗಿಯನ್ನೂ ನೋಡುವ ಹಾಗಿಲ್ಲ. ಖಾಯಂ ಜಿಪಿಗೂ ಇದೇ, ಲೋಕಮ್ ಜಿಪಿಗೂ ಇದೇ. ಲೋಕಮ್‌ಗೆ ಅಂತ ಅರ್ಧ ಓದಿನ ಡಿಗ್ರಿ ಯಾವುದೂ ಇಲ್ಲ.

ಒಮ್ಮೆ ಪಾಸಾದರೆ ಮುಗಿಯಿತು ಅಂತಲೂ ಅಲ್ಲ. 2012ರ ಡಿಸೆಂಬರಿನಿಂದ ಇಲ್ಲಿ ರೀವ್ಯಾಲಿಡೇಶನ್ ಇದೆ, ಅಂದರೆ ಡಾಕ್ಟರ್ ಈಗಲೂ ಕೆಲಸಕ್ಕೆ ತಕ್ಕವರೇ ಅನ್ನುವ ಪರಿಶೀಲನೆ. ಪ್ರತಿ ವರ್ಷ ಅಪ್ರೈಸಲ್, ಐದು ವರ್ಷಕ್ಕೊಮ್ಮೆ ರೀವ್ಯಾಲಿಡೇಶನ್. ಜೊತೆಗೆ ಕೆಲಸ ಮಾಡಿದವರ ಅಭಿಪ್ರಾಯ, ರೋಗಿಗಳ ಅಭಿಪ್ರಾಯ, ಬಂದ ದೂರುಗಳು, ಮಾಡಿದ ತಪ್ಪಿನಿಂದ ಏನು ಕಲಿತೆ ಅನ್ನುವುದು, ಎಲ್ಲವನ್ನೂ ಬರೆದು ತೋರಿಸಬೇಕು. ಒಂದೇ ಕ್ಲಿನಿಕ್ಕಿನಲ್ಲಿ ಇರುವವರಿಗೆ ಅಲ್ಲಿನ ಆಫೀಸಿನವರೇ ಇದಕ್ಕೆ ಸಹಾಯ ಮಾಡುತ್ತಾರೆ. ನಾನು ಏಳೆಂಟು ಕಡೆಯಿಂದ ನಾನೇ ಒಟ್ಟುಗೂಡಿಸಬೇಕು. ನಮಗೇನೋ ರಿಯಾಯಿತಿ ಇದೆ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಮಗೇ ಕಷ್ಟ ಜಾಸ್ತಿ.

ಹಾಗಾದರೆ ಯಾಕೆ ಇದನ್ನೇ ಆರಿಸಿಕೊಂಡೆ? 2022ರಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ಎರಡು ತಿಂಗಳು ಊರಿನಲ್ಲಿ ಅವರ ಪಕ್ಕದಲ್ಲಿ ಇದ್ದೆ, ಯಾರ ಹತ್ತಿರವೂ ರಜೆಗೆ ಗೋಗರೆಯಲಿಲ್ಲ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಸುಮ್ಮನಾದರು. ಆ ವರ್ಷ ಪರ್ಮನೆಂಟ್ ಬಗ್ಗೆ ಕೇಳಲಿಲ್ಲ.

ಮೈಸೂರು ಮ್ಯಾಂಚೆಸ್ಟರ್:

ಮೇಡಂ, ನೀವು ಹೇಳಿದ್ದೆಲ್ಲ ಸರಿ ಇರಬಹುದು, ಆದರೆ ರೋಗಿಯ ಕಡೆಯಿಂದಲೂ ಸ್ವಲ್ಪ ನೋಡಿ. ನಮ್ಮ ಅತ್ತೆ ನಮ್ಮ ಜೊತೆ ಇದ್ದಾರೆ. ಶುಗರ್, ಬಿಪಿ, ಥೈರಾಯ್ಡ್ ಮೂರೂ ಇದೆ, ಇಂಗ್ಲಿಷ್ ಅಷ್ಟಕ್ಕಷ್ಟೇ. ಕಳೆದ ವರ್ಷ ನಾಲ್ಕು ಸಲ ಕರೆದುಕೊಂಡು ಹೋದೆ, ನಾಲ್ಕು ಸಲವೂ ಬೇರೆ ಬೇರೆ ಡಾಕ್ಟರ್. ಪ್ರತಿ ಸಲ ಮೊದಲಿನಿಂದ ಕಥೆ ಹೇಳಬೇಕು. ಒಬ್ಬರು ಬಿಪಿ ಮಾತ್ರೆ ಬದಲಾಯಿಸಿದರು, ಮುಂದಿನವರು "ಯಾಕೆ ಬದಲಾಯಿಸಿದರು?" ಅಂತ ನನ್ನನ್ನೇ ಕೇಳಿದರು. ನನಗೆ ಹೇಗೆ ಗೊತ್ತಿರುತ್ತದೆ? ಅತ್ತೆ ಈಗ "ಆ ಡಾಕ್ಟ್ರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ" ಅಂತ ಹೋಗಲು ಒಪ್ಪುತ್ತಿಲ್ಲ. ಇದು ತಪ್ಪು ಕಲ್ಪನೆ ಅಲ್ಲ ಅಲ್ವಾ?

ಮಿಡ್‌ಲ್ಯಾಂಡ್ಸ್ ವೈದ್ಯೆ:

ಖಂಡಿತ ತಪ್ಪು ಕಲ್ಪನೆ ಅಲ್ಲ. ಅತ್ತೆಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ಮಾಡಿದ್ದರು. 15 ವರ್ಷಕ್ಕಿಂತ ಜಾಸ್ತಿ ಒಬ್ಬರೇ ಜಿಪಿ ಹತ್ತಿರ ತೋರಿಸಿದವರನ್ನು, ಒಂದು ವರ್ಷ ಮಾತ್ರ ತೋರಿಸಿದವರ ಜೊತೆ ಹೋಲಿಸಿದರು. ಮೊದಲಿನವರಲ್ಲಿ ಸಾವಿನ ಪ್ರಮಾಣ ಸುಮಾರು 25% ಕಡಿಮೆ ಇತ್ತು, ತುರ್ತಾಗಿ ಆಸ್ಪತ್ರೆ ಸೇರುವುದೂ ಸುಮಾರು 28% ಕಡಿಮೆ. ಪರಿಚಯದ ಡಾಕ್ಟರಿಗೆ ಬದಲಿ ಇಲ್ಲ.

ಆದರೆ ನಾನು ಬಂದದ್ದರಿಂದ ನಿಮ್ಮ ಡಾಕ್ಟರ್ ಹೋಗಲಿಲ್ಲ, ಅವರು ಹೋದದ್ದರಿಂದ ನಾನು ಬಂದೆ. ಆ ದಿನ ನಾನೂ ಇಲ್ಲದಿದ್ದರೆ ಅತ್ತೆಗೆ ಅಪಾಯಿಂಟ್‌ಮೆಂಟೇ ಇರುತ್ತಿರಲಿಲ್ಲ. ನಾನೊಂದು ಸರ್ಜರಿಗೆ (ಇಲ್ಲಿ ಜಿಪಿ ಕ್ಲಿನಿಕ್ಕಿಗೆ ಹಾಗೆ ಅನ್ನುತ್ತಾರೆ) ಎರಡೂವರೆ ವರ್ಷದಿಂದ ಪ್ರತಿ ಮಂಗಳವಾರ, ಗುರುವಾರ ಹೋಗುತ್ತೇನೆ. ಅಲ್ಲಿನ ಅಜ್ಜಿಯರು "ಮಂಗಳವಾರದ ಡಾಕ್ಟರ್" ಅಂತಲೇ ಕೇಳಿಕೊಂಡು ಬರುತ್ತಾರೆ. ಲೋಕಮ್ ಅಂದರೆ ದಿನಕ್ಕೊಂದು ಊರು ಅಂತಲೇ ಅಲ್ಲ.

ನಿಮಗೊಂದು ಉಪಾಯ ಹೇಳುತ್ತೇನೆ. ಮಾತ್ರೆ ಬದಲಾಯಿಸಿದಾಗ "ಯಾಕೆ ಬದಲಾಯಿಸಿದಿರಿ ಅಂತ ನೋಟ್ಸ್‌ನಲ್ಲಿ ಬರೆಯಿರಿ" ಅಂತ ಕೇಳಿ. ಎನ್‌ಎಚ್‌ಎಸ್ ಆ್ಯಪಿನಲ್ಲಿ ನೀವೇ ಓದಬಹುದು. ಮತ್ತೆ ರಿಸೆಪ್ಶನ್‌ನಲ್ಲಿ ಅತ್ತೆಯ ಮೂರು ಕಾಯಿಲೆಗೂ ಒಬ್ಬರೇ ಹೆಸರಿನ ಡಾಕ್ಟರ್ ಬೇಕು ಅಂತ ಬಿಡದೆ ಕೇಳಿ. ಕೇಳಿದವರಿಗೆ ಕೊಡುತ್ತಾರೆ, ಕೇಳದವರಿಗೆ ಯಾರು ಖಾಲಿ ಇದ್ದಾರೋ ಅವರು ಸಿಗುತ್ತಾರೆ.

ನೈಟ್ ಶಿಫ್ಟ್ ಸಿಸ್ಟರ್:

ನಾನು ಪುತ್ತೂರಿನವಳು, ಇಲ್ಲಿ ಮೆಡಿಕಲ್ ವಾರ್ಡಿನಲ್ಲಿ ನರ್ಸ್. ಆಸ್ಪತ್ರೆಯ ಲೋಕಮ್ ಕಥೆ ನಾನು ಹೇಳುತ್ತೇನೆ, ಯಾಕೆಂದರೆ ಇದು ಯಾರೂ ನೋಡದ ವಿಷಯ.

ಒಂದು ರಾತ್ರಿ ಒಂಬತ್ತು ಗಂಟೆಗೆ ಲೋಕಮ್ ರಿಜಿಸ್ಟ್ರಾರ್, ಅಂದರೆ ಕನ್ಸಲ್ಟೆಂಟ್‌ಗಿಂತ ಕೆಳಗಿನ ಹಂತದ ಸೀನಿಯರ್ ಡಾಕ್ಟರ್ ಒಬ್ಬರು ಬಂದರು. ಆ ಆಸ್ಪತ್ರೆಗೆ ಅವರು ಬಂದದ್ದು ಅದೇ ಮೊದಲ ಸಲ. ಔಷಧಿ ಬರೆಯುವ ಕಂಪ್ಯೂಟರಿಗೆ ಲಾಗಿನ್ ಇಲ್ಲ. ಎಕ್ಸ್‌ರೇ ನೋಡಲು ಇನ್ನೊಂದು ಲಾಗಿನ್, ಅದೂ ಇಲ್ಲ. ಐಟಿಯವರಿಗೆ ಫೋನ್ ಮಾಡಿದರೆ ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂತಾರೆ. ಬ್ಲಡ್ ಗ್ಯಾಸ್ ಮೆಷಿನ್ ಬಳಸಲು ಪಾಸ್‌ವರ್ಡ್, ಬಾಗಿಲಿಗೆ ಕೋಡ್, ಯಾವುದನ್ನೂ ಅವರಿಗೆ ಯಾರೂ ಹೇಳಿಲ್ಲ. ಅಷ್ಟರಲ್ಲಿ ಎರಡು ವಾರ್ಡಿನಿಂದ ಬ್ಲೀಪ್, ಅಂದರೆ ಪೇಜರ್ ಕರೆ, ಬರುತ್ತಿದೆ. ಬೆಳಿಗ್ಗೆ ಶಿಫ್ಟ್ ಬದಲಾಗುವ ಹ್ಯಾಂಡೋವರ್‌ನಲ್ಲಿ ಒಬ್ಬರು ಹೇಳಿದ್ದು "ನೈಟ್ ಲೋಕಮ್ ತುಂಬಾ ಸ್ಲೋ". ನನಗೆ ಅಳು ಬಂತು. ಆ ಮನುಷ್ಯ ರಾತ್ರಿಯಿಡೀ ಕೂತಿರಲಿಲ್ಲ, ಒಂದು ಬಿಸ್ಕತ್ತು ಬಿಟ್ಟರೆ ಏನೂ ತಿಂದಿರಲಿಲ್ಲ. ನಮ್ಮ ಬಾಗಿಲುಗಳು ತೆರೆಯದಿದ್ದರೆ ಅವರು ಹೇಗೆ ಬೇಗ ಬರುತ್ತಾರೆ?

ಆಮೇಲೆ ನಾನೇ ಒಂದು ಹಾಳೆ ಮಾಡಿದೆ. ಯಾವ ಬಾಗಿಲಿಗೆ ಯಾವ ಕೋಡ್, ತುರ್ತು ಚಿಕಿತ್ಸೆಯ ಕ್ರ್ಯಾಶ್ ಟ್ರಾಲಿ ಎಲ್ಲಿ, ರಕ್ತದ ಫ್ರಿಜ್ ಯಾವ ಮಹಡಿ, ಲ್ಯಾಬ್ ನಂಬರ್, ನೀರು ಎಲ್ಲಿ, ಟಾಯ್ಲೆಟ್ ಎಲ್ಲಿ. ಹೃದಯ ನಿಂತಾಗ ಕರೆಯುವ 2222 ಮಾತ್ರ ಎಲ್ಲ ಕಡೆ ಒಂದೇ, ಪುಣ್ಯ. ಹೊಸ ಡಾಕ್ಟರ್ ಯಾರೇ ಬರಲಿ, ಹೆಸರು ಕೇಳಿ, ಆ ಹಾಳೆ ಕೈಗೆ ಕೊಡುತ್ತೇನೆ. ಐದೇ ನಿಮಿಷ. ಅದಾದ ಮೇಲೆ "ಸ್ಲೋ" ಅನ್ನುವ ಮಾತು ನಮ್ಮ ವಾರ್ಡಿನಲ್ಲಿ ಕಡಿಮೆ ಆಗಿದೆ.

ಮಿಡ್‌ಲ್ಯಾಂಡ್ಸ್ ವೈದ್ಯೆ:

ಸಿಸ್ಟರ್, ನಿಮ್ಮಂಥವರು ಪ್ರತಿ ವಾರ್ಡಿಗೆ ಒಬ್ಬರಾದರೂ ಇರಬೇಕು. ಒಮ್ಮೆ ಒಂದು ಸರ್ಜರಿಗೆ ಮೊದಲ ದಿನ ಹೋದಾಗ ರೋಗಿಗಳ ದಾಖಲೆ ತೆರೆಯುವ ಸ್ಮಾರ್ಟ್‌ಕಾರ್ಡ್ ಕೆಲಸ ಮಾಡಲಿಲ್ಲ. ಮೊದಲ ನಾಲ್ಕು ರೋಗಿಗಳನ್ನು ಹಳೇ ದಾಖಲೆ ನೋಡದೆ, ಕಾಗದದ ಮೇಲೆ ಬರೆದುಕೊಂಡು ನೋಡಿದೆ. ಅದರಲ್ಲಿ ಒಬ್ಬರಿಗೆ ಪೆನಿಸಿಲಿನ್ ಅಲರ್ಜಿ. ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ಗೊತ್ತಾಯಿತು, ಕೇಳದಿದ್ದರೆ? ಮಧ್ಯಾಹ್ನ ಮ್ಯಾನೇಜರ್ ಹತ್ತಿರ ಹೇಳಿದರೆ "ಬೇರೆ ಲೋಕಮ್‌ಗಳು ಹೇಗೋ ಸುಧಾರಿಸಿಕೊಂಡು ಹೋಗುತ್ತಾರೆ" ಅಂದರು. ಸುಧಾರಿಸಿಕೊಂಡು ಹೋಗುವ ಜಾಗದಲ್ಲೇ ಅನಾಹುತ ಆಗುವುದು. ಈಗ ನಾನು ಬುಕಿಂಗ್ ಒಪ್ಪುವ ಮೊದಲೇ ಲಾಗಿನ್ ತಯಾರಿದೆಯಾ, ತುರ್ತು ಔಷಧಿ ಡಬ್ಬ ಎಲ್ಲಿದೆ, ನಾನು ಕಳಿಸಿದ ಬ್ಲಡ್ ಟೆಸ್ಟಿನ ರಿಪೋರ್ಟ್ ಯಾರು ನೋಡುತ್ತಾರೆ ಅಂತ ಮೂರು ಪ್ರಶ್ನೆ ಕೇಳುತ್ತೇನೆ. ಆ ಮೂರನೆಯದು ತುಂಬಾ ಮುಖ್ಯ. ರಿಪೋರ್ಟ್ ಬರುವ ಹೊತ್ತಿಗೆ ನಾನು ಅಲ್ಲಿ ಇರುವುದಿಲ್ಲ.

ನೇರ ಮಾತು:

ಕ್ಷಮಿಸಿ, ನನ್ನದು ಬೇರೆ ಅಭಿಪ್ರಾಯ. 2008ರಲ್ಲಿ ಕೇಂಬ್ರಿಡ್ಜ್‌ಶೈರಿನಲ್ಲಿ ಏನಾಯಿತು ಮರೆತುಬಿಟ್ಟಿರಾ? ಜರ್ಮನಿಯಿಂದ ವಿಮಾನದಲ್ಲಿ ಬಂದ ಲೋಕಮ್ ಡಾಕ್ಟರ್, ಇಲ್ಲಿನ ಮೊದಲ ಶಿಫ್ಟ್‌ನಲ್ಲೇ 70 ವರ್ಷದ ರೋಗಿಗೆ 100 ಮಿಲಿಗ್ರಾಂ ಡಯಾಮಾರ್ಫಿನ್ ಅನ್ನುವ ನೋವಿನ ಔಷಧಿ ಚುಚ್ಚಿದರು. ಕೊಡಬೇಕಾದ್ದಕ್ಕಿಂತ ಹತ್ತು ಪಟ್ಟು. ಆ ಮನುಷ್ಯ ತೀರಿಕೊಂಡರು. ಇನ್ನೊಂದು ಕಡೆ ತಾತ್ಕಾಲಿಕ ಸಿಬ್ಬಂದಿ ಒದಗಿಸುವ ಏಜೆನ್ಸಿಗಳಿಗೆ ಎನ್‌ಎಚ್‌ಎಸ್ ಸುರಿಯುವ ದುಡ್ಡು ನೋಡಿ. 2022-23ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 350 ಕೋಟಿ ಪೌಂಡ್. ಜನರಿಗೆ ಸಿಟ್ಟು ಬಂದರೆ ತಪ್ಪೇನು?

ಮಿಡ್‌ಲ್ಯಾಂಡ್ಸ್ ವೈದ್ಯೆ:

ಸಿಟ್ಟು ಬರುವುದು ತಪ್ಪಲ್ಲ. ಆ ಸಾವು ನನಗೂ ನೆನಪಿದೆ, ತರಬೇತಿಯಲ್ಲಿ ನಮಗೆ ಅದನ್ನು ಪಾಠದ ಹಾಗೆ ಹೇಳಿಕೊಟ್ಟರು. ಆದರೆ ಅಲ್ಲಿ ಏನೇನು ಕೆಟ್ಟಿತ್ತು ನೋಡಿ. ಆ ಡಾಕ್ಟರಿಗೆ ಈ ದೇಶದ ಔಷಧಿಗಳ ಪರಿಚಯ ಇರಲಿಲ್ಲ, ನಿದ್ದೆ ಸರಿಯಾಗಿ ಆಗಿರಲಿಲ್ಲ, ಯುರೋಪಿನವರು ಅನ್ನುವ ಕಾರಣಕ್ಕೆ ಜಿಎಂಸಿ ಅವರ ಇಂಗ್ಲಿಷ್ ಪರೀಕ್ಷಿಸುವ ಹಾಗೂ ಇರಲಿಲ್ಲ. ನಾವು ಭಾರತದಿಂದ ಬಂದವರು ಇಂಗ್ಲಿಷ್ ಪರೀಕ್ಷೆ, ಹೊರದೇಶದ ಡಾಕ್ಟರುಗಳಿಗೆ ಇರುವ ಪ್ಲ್ಯಾಬ್ ಪರೀಕ್ಷೆ ಎರಡೂ ಬರೆದು ಬಂದೆವು. 2014ರಲ್ಲಿ ಕಾನೂನು ಬದಲಾಯಿಸಿ ಯುರೋಪಿನವರ ಭಾಷೆಯನ್ನೂ ನೋಡಲು ಶುರು ಮಾಡಿದರು. ಒಬ್ಬ ವ್ಯಕ್ತಿಯ ತಪ್ಪು ಖಂಡಿತ ಇತ್ತು. ಜೊತೆಗೆ ಅವರನ್ನು ಅಲ್ಲಿ ಕೂರಿಸಿದ ವ್ಯವಸ್ಥೆಯದೂ ಇತ್ತು.

ದುಡ್ಡಿನ ವಿಷಯ. ಆ 350 ಕೋಟಿ ಡಾಕ್ಟರುಗಳದ್ದು ಮಾತ್ರ ಅಲ್ಲ, ನರ್ಸ್, ಥೆರಪಿಸ್ಟ್, ಎಲ್ಲ ಏಜೆನ್ಸಿ ಸಿಬ್ಬಂದಿಯದ್ದೂ ಸೇರಿ. ದರಕ್ಕೆ ಮಿತಿ 2015ರಲ್ಲೇ ತಂದರು, 2016ರಿಂದ ಮಾಮೂಲಿ ದರಕ್ಕಿಂತ 55%ಗಿಂತ ಜಾಸ್ತಿ ಕೊಡಬಾರದು ಅಂತ. ಆ 55%ನಲ್ಲೇ ರಜೆಯ ಸಂಬಳ, ಉದ್ಯೋಗದಾತರು ಕಟ್ಟುವ ವಿಮೆ ಹಣ ಎಲ್ಲ ಬರುತ್ತದೆ. ತುರ್ತು ಅಂತ ಮಿತಿ ಮೀರಿ ಕೊಡುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಜಾಗ ಖಾಲಿ ಬಿಟ್ಟು ವರ್ಷಗಟ್ಟಲೆ ತುಂಬದೆ ಇದ್ದವರು ಯಾರು ಅನ್ನುವುದನ್ನೂ ಕೇಳಬೇಕಲ್ವಾ?

ಡೆಟ್ರಾಯ್ಟ್ ದಾವಣಗೆರೆ:

ಗುಣಮಟ್ಟದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. 2017ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2009ರಿಂದ 2014ರವರೆಗೆ ಆಸ್ಪತ್ರೆ ಸೇರಿದ ಮೆಡಿಕೇರ್ ರೋಗಿಗಳು, ಅಂದರೆ ಹೆಚ್ಚಾಗಿ ವಯಸ್ಸಾದವರು. ಲೋಕಮ್ ಡಾಕ್ಟರ್ ನೋಡಿದವರಲ್ಲಿ 30 ದಿನದೊಳಗೆ ತೀರಿಕೊಂಡವರು 8.83%, ಉಳಿದ ಡಾಕ್ಟರುಗಳು ನೋಡಿದವರಲ್ಲಿ 8.70%. ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಆಸ್ಪತ್ರೆಯಲ್ಲಿ ಇದ್ದ ದಿನ, ಖರ್ಚು ಎರಡೂ ಲೋಕಮ್‌ಗಳಲ್ಲಿ ಸ್ವಲ್ಪ ಜಾಸ್ತಿ ಇತ್ತು. ಅದು ನನಗೆ ಆಶ್ಚರ್ಯ ಅನಿಸಲಿಲ್ಲ. ರೋಗಿಯನ್ನು ಮನೆಗೆ ಕಳಿಸಬೇಕಾದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಹೊಸಬರಿಗೆ ಗೊತ್ತಿರುವುದಿಲ್ಲ. ಸಿಸ್ಟರ್ ಹೇಳಿದ ಹಾಳೆಯ ಕಥೆಯೇ ಇಲ್ಲೂ.

ಪ್ಲ್ಯಾಬ್ ಪಾಸ್:

ಮೇಡಂ ನಮಸ್ತೆ. ನಾನು ಬಳ್ಳಾರಿ ಕಡೆಯವನು, ಪ್ಲ್ಯಾಬ್ ಎರಡೂ ಭಾಗ ಆಗಿದೆ. ಆರು ತಿಂಗಳಿಂದ ಅರ್ಜಿ ಹಾಕುತ್ತಿದ್ದೇನೆ, ಒಂದೂ ಕೆಲಸ ಸಿಕ್ಕಿಲ್ಲ, ಮನೆಯಲ್ಲಿ ಸಾಲ ಇದೆ. "ಖಾಯಂ ಸಿಗದಿದ್ದರೆ ಲೋಕಮ್ ಮಾಡು, ವಾರಕ್ಕೆ ಮೂರು ದಿನ ಸಾಕು, ಸಾಲ ತೀರುತ್ತದೆ" ಅಂತ ಸೀನಿಯರ್ ಒಬ್ಬರು ಹೇಳಿದರು. ಹೇಗೆ ಶುರು ಮಾಡಬೇಕು?

ಮಿಡ್‌ಲ್ಯಾಂಡ್ಸ್ ವೈದ್ಯೆ:

ತಮ್ಮಾ, ದಯವಿಟ್ಟು ಆ ಮಾತು ನಂಬಿ ವಿಮಾನ ಹತ್ತಬೇಡಿ. ನೀವು ಬರುವುದು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ. ಆ ವೀಸಾ ಒಂದು ಆಸ್ಪತ್ರೆಯ ಹೆಸರಿಗೆ ಕಟ್ಟಿರುತ್ತದೆ. ಆ ಕೆಲಸ ಇದ್ದರೆ ಮಾತ್ರ ಅದರ ಮೇಲೆ ವಾರಕ್ಕೆ 20 ಗಂಟೆಯವರೆಗೆ ಬೇರೆ ಕಡೆ ಮಾಡಬಹುದು. ಕೆಲಸವೇ ಇಲ್ಲದೆ ಬರೀ ಲೋಕಮ್ ಮಾಡುತ್ತೇನೆ ಅಂದರೆ ಆಗುವುದಿಲ್ಲ. ನಾನು ಲೋಕಮ್ ಆಗಿದ್ದು ಐದು ವರ್ಷ ಮುಗಿಸಿ, ಇಲ್ಲೇ ನೆಲೆಸುವ ಅನುಮತಿ ಸಿಕ್ಕ ಮೇಲೆ.

ಇನ್ನೊಂದು, ಹೊಸದಾಗಿ ನೋಂದಣಿ ಆದವರು ಮೊದಲ ರೀವ್ಯಾಲಿಡೇಶನ್ ಆಗುವವರೆಗೆ ಜಿಎಂಸಿ ಒಪ್ಪಿದ ಕಡೆ ಮಾತ್ರ ಕೆಲಸ ಮಾಡಬೇಕು. ಅದು ಒಳ್ಳೆಯದಕ್ಕೇ. ಮೊದಲ ವರ್ಷ ನಿಮಗೆ ಪಕ್ಕದಲ್ಲಿ ಕೇಳಲು ಒಬ್ಬರು ಬೇಕು. ಹೃದಯ ನಿಂತರೆ ಮತ್ತೆ ನಡೆಸಲು ಯತ್ನಿಸುವುದು ಬೇಡ ಅನ್ನುವ ಡಿಎನ್‌ಎಆರ್ ನಿರ್ಧಾರ ಅಂದರೇನು, ಮನೆಯವರ ಜೊತೆ ಅದನ್ನು ಹೇಗೆ ಮಾತಾಡಬೇಕು, ಇದೆಲ್ಲ ನಮ್ಮ ಕಡೆಯ ವಾರ್ಡಿನಲ್ಲಿ ಕಲಿತಿರುವುದಿಲ್ಲ.

ದುಡ್ಡೂ ಸಹ ಕೇಳಿದಷ್ಟು ಕೈಗೆ ಬರುವುದಿಲ್ಲ. 2017ರ ಏಪ್ರಿಲ್‌ನಿಂದ ಐಆರ್35 ಅನ್ನುವ ತೆರಿಗೆ ನಿಯಮ ಬದಲಾಗಿ ಏಜೆನ್ಸಿಯ ಬಹಳ ಜನ ಮಧ್ಯದಲ್ಲಿ ನಿಂತು ಸಂಬಳ ಕೊಡುವ ಅಂಬ್ರೆಲಾ ಕಂಪನಿಯ ಮೂಲಕ ಸಂಬಳ ತೆಗೆದುಕೊಳ್ಳುತ್ತಾರೆ. ಹೇಳಿದ ದರದಲ್ಲೇ ಉದ್ಯೋಗದಾತರು ಸರ್ಕಾರಕ್ಕೆ ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ ಹಣ ಕಳೆಯುತ್ತಾರೆ, 2025ರ ಏಪ್ರಿಲ್‌ನಿಂದ ಅದು 15%. ಕಂಪನಿಯ ಫೀಸ್ ಬೇರೆ. ಆಮೇಲೆ ನಿಮ್ಮ ತೆರಿಗೆ. ಏಜೆನ್ಸಿ ಕೆಲಸಕ್ಕೆ ಎನ್‌ಎಚ್‌ಎಸ್ ಪೆನ್ಶನ್ ಇಲ್ಲ. ಸಾಲ ಎಷ್ಟು ಅಂತ ಇಲ್ಲಿ ಬರೆಯಬೇಡಿ, ನನಗೆ ಮೆಸೇಜ್ ಮಾಡಿ. ನಿಮ್ಮ ಸಿವಿ ನಾನು ನೋಡುತ್ತೇನೆ.

ಹಾಸನ ಅನಸ್ತೇಷಿಯಾ:

ನಮ್ಮ ಊರಿನ ಮಾತೂ ಒಂದು ಇರಲಿ. ನಾನು ಎಲ್ಲೂ ಖಾಯಂ ಇಲ್ಲದ ಅನಸ್ತೇಷಿಯಾ ಡಾಕ್ಟರ್. ಸುತ್ತಲಿನ ಎಂಟು ನರ್ಸಿಂಗ್ ಹೋಮ್‌ಗಳಿಗೆ ಹೋಗುತ್ತೇನೆ. ಲ್ಯಾರಿಂಗೋಸ್ಕೋಪ್, ಟ್ಯೂಬು, ಔಷಧಿ ಎಲ್ಲ ನನ್ನ ಬ್ಯಾಗಿನಲ್ಲೇ ಇರುತ್ತದೆ, ಯಾಕೆಂದರೆ ಹೋದ ಕಡೆ ಏನಿದೆ ಏನಿಲ್ಲ ಗೊತ್ತಿರುವುದಿಲ್ಲ. ರಾತ್ರಿ ಎರಡಕ್ಕೆ ಸಿಸೇರಿಯನ್ ಅಂತ ಫೋನ್ ಬಂದರೆ ಎದ್ದು ಹೋಗುತ್ತೇನೆ. ಒಮ್ಮೆ ರೋಗಿಯ ಮನೆಯವರು "ಇವರು ಹೊರಗಿನವರು, ಇಲ್ಲಿನ ಡಾಕ್ಟರೇ ಮಾಡಲಿ" ಅಂದರು. "ಅಮ್ಮಾ, ಈ ಕೆಲಸಕ್ಕೆ ಇಲ್ಲಿನ ಡಾಕ್ಟರ್ ಅಂದರೆ ನಾನೇ" ಅಂತ ಸಮಾಧಾನವಾಗಿ ಹೇಳಿದೆ. ನಮ್ಮ ಕಡೆ ಅನುಮಾನ ಬಂದರೆ ಯಾರನ್ನಾದರೂ ನೋಂದಣಿ ಸಂಖ್ಯೆ ಕೇಳಬಹುದು. ಔಷಧಿ ಚೀಟಿಯ ಮೇಲೆ ಅದು ಇರಲೇಬೇಕು ಅನ್ನುವುದು ನಿಯಮ. ಯಾರ ಬದಲಿಗೆ ಯಾರು ಕೂತರೂ ಅಷ್ಟೇ. ನನ್ನನ್ನು ಕೇಳಿದರೆ ನನಗೆ ಬೇಜಾರಾಗುವುದಿಲ್ಲ, ಖುಷಿಯೇ ಆಗುತ್ತದೆ.

ತುಮಕೂರು ಅಣ್ಣ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಡೀ ಚರ್ಚೆಯನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಸಿಸ್ಟರ್ ಬರೆದ ಬಿಸ್ಕತ್ತಿನ ಮಾತು ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಈಗ ಹುಡುಗನ ಹತ್ತಿರ ಏನೇನು ಕೇಳಬೇಕು ಅಂತ ಹೇಳಿ ಮೇಡಂ, ತಪ್ಪು ತಿಳಿಯದ ಹಾಗೆ.

ಮಿಡ್‌ಲ್ಯಾಂಡ್ಸ್ ವೈದ್ಯೆ:

ಅಣ್ಣ, ಮೊದಲನೆಯದು ಜಿಎಂಸಿ ನಂಬರ್. ಏಳು ಅಂಕಿ. ಜಿಎಂಸಿಯ ಸೈಟಿನಲ್ಲಿ ಹಾಕಿದರೆ ಹೆಸರು, ಜಿಪಿ ಪಟ್ಟಿಯಲ್ಲಿ ಇದ್ದಾರಾ ಇಲ್ವಾ, ಏನಾದರೂ ನಿರ್ಬಂಧ ಇದೆಯಾ, ಎಲ್ಲ ಕಾಣುತ್ತದೆ. ಇದು ಗುಟ್ಟೇನಲ್ಲ, ಯಾರು ಬೇಕಾದರೂ ನೋಡಬಹುದು.

ಎರಡನೆಯದು, ಪೆನ್ಶನ್ ಕಟ್ಟುತ್ತಾರಾ ಅಂತ ಕೇಳಿ. ಲೋಕಮ್ ಜಿಪಿಗಳು ನೇರವಾಗಿ ಸರ್ಜರಿಗೆ ಕೆಲಸ ಮಾಡಿದರೆ ಕಟ್ಟಬಹುದು, ಆದರೆ ಕೆಲಸ ಮಾಡಿದ ಹತ್ತು ವಾರದೊಳಗೆ ಫಾರಂ ಕಳಿಸಬೇಕು. ನಾನು ಮೊದಲ ವರ್ಷ ಮರೆತು ಐದು ತಿಂಗಳಿನದ್ದು ಕಳೆದುಕೊಂಡೆ.

ಮೂರನೆಯದು ಜೀವ ವಿಮೆ, ಇದನ್ನು ಬಿಡಬೇಡಿ. ಖಾಯಂ ಇದ್ದವರು ತೀರಿಕೊಂಡರೆ ಮನೆಯವರಿಗೆ ಸೇವೆಯಲ್ಲಿದ್ದಾಗಿನ ಹಣ ಬರುತ್ತದೆ. ಲೋಕಮ್ ಜಿಪಿ ಬುಧವಾರ ಕೆಲಸ ಮಾಡಿ, ಬುಕಿಂಗ್ ಇಲ್ಲದ ಗುರುವಾರ ಏನಾದರೂ ಆದರೆ ಆ ದಿನ ಸೇವೆಯಲ್ಲಿ ಇರಲಿಲ್ಲ ಅಂತ ಲೆಕ್ಕ. ಹಾಗಾಗಿ ಸ್ವಂತ ವಿಮೆ ಇರಲೇಬೇಕು. ಕಾಯಿಲೆ ಬಿದ್ದಾಗ ಸಂಬಳ ಬರುವ ವಿಮೆಯೂ ಬೇಕು.

ಕೊನೆಯದು, ಈಗ ಕೆಲಸ ಸಿಗುತ್ತಿದೆಯಾ ಅಂತ ನೇರವಾಗಿ ಕೇಳಿ. ಮೊದಲಿನ ಹಾಗೆ ಇಲ್ಲ. 2019ರಲ್ಲಿ ಶುರುವಾದ ಒಂದು ಯೋಜನೆಯಲ್ಲಿ ಸರ್ಜರಿಗಳಿಗೆ ಫಾರ್ಮಸಿಸ್ಟ್, ಫಿಸಿಯೋ ಇಂಥವರನ್ನು ಇಟ್ಟುಕೊಳ್ಳಲು ಸರ್ಕಾರ ದುಡ್ಡು ಕೊಟ್ಟಿತು, ಜಿಪಿಗಳಿಗೆ ಅದನ್ನು ಬಳಸುವ ಹಾಗಿರಲಿಲ್ಲ. ಲೋಕಮ್ ಬುಕಿಂಗ್ ಕಡಿಮೆ ಆಯಿತು. 2024ರ ಅಕ್ಟೋಬರಿನಿಂದ ಹೊಸದಾಗಿ ಪಾಸಾದ ಜಿಪಿಗಳನ್ನು ಸೇರಿಸಿದರು. ನನಗೂ ಕಳೆದ ವರ್ಷ ಎರಡು ತಿಂಗಳು ಕೈ ಖಾಲಿ ಇತ್ತು. ದುಡ್ಡೇ ದುಡ್ಡು ಅಂದವರಿಗೆ ಇದನ್ನು ಹೇಳಿ.

ತುಮಕೂರು ಅಣ್ಣ:

ನಿನ್ನೆ ರಾತ್ರಿ ಮಾತಾಡಿದೆವು. ನಂಬರ್ ಕೇಳುವ ಮೊದಲೇ ಅವನೇ ಕಳಿಸಿದ. ವಿಮೆ ಎರಡೂ ಇದೆ, ಪೆನ್ಶನ್ ಫಾರಂ ಪ್ರತಿ ಭಾನುವಾರ ಕೂತು ತುಂಬುತ್ತಾನಂತೆ. ಕೆಲಸ ಕಡಿಮೆ ಆಗಿರುವುದನ್ನೂ ಮುಚ್ಚಿಡಲಿಲ್ಲ, ವಾರಕ್ಕೆ ಮೂರೂವರೆ ದಿನ ಸಿಗುತ್ತಿದೆ ಅಂದ. ದೊಡ್ಡಪ್ಪ ಒಂದೇ ಒಂದು ಪ್ರಶ್ನೆ ಕೇಳಿದರು, ಮದುವೆಗೆ ಎಷ್ಟು ದಿನ ರಜೆ ಸಿಗುತ್ತದೆ ಅಂತ. "ಎಷ್ಟು ಬೇಕೋ ಅಷ್ಟು ದಿನ ಇರುತ್ತೇನೆ, ಆ ದಿನಗಳ ಸಂಬಳ ಮಾತ್ರ ಬರಲ್ಲ ದೊಡ್ಡಪ್ಪ" ಅಂದ. ಈಗ ದೊಡ್ಡಪ್ಪನೇ ಪಂಚಾಂಗ ಹಿಡಿದು ಕೂತಿದ್ದಾರೆ.